ಊದಿನಕಡ್ಡಿ ತೋರಿಸಿದ ಕಿಟಕಿಗಳು

“ಗೌಂಡಿ ನಕಾಶೆಯನ್ನು ತಪ್ಪಾಗಿ ಓದಿದ, ಆ ತಪ್ಪಿನಿಂದಲೇ ವಾಚನಾಲಯ ತಂಪಾಯಿತು.” ಕೆಲಗೇರಿ ಕೆರೆಯ ಸಮೀಪವಿರುವ ನಮ್ಮ ವಾಚನಾಲಯದ ಬಗ್ಗೆ ಎಲ್ಲರೂ ಹೇಳುವ ಮಾತಿದು. ಬೇಸಿಗೆಯ ಮಧ್ಯಾಹ್ನವೂ ಅಲ್ಲಿ ಫ್ಯಾನು ಬೇಕಾಗುವುದಿಲ್ಲವೆಂಬುದು ನಿಜ. ಉಳಿದದ್ದನ್ನು ನಾನು ಒಪ್ಪಲಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಕಟ್ಟಡ ಏಳುವಾಗ ನಕಾಶೆಗಳನ್ನು ಕಾಯುವ ಕೆಲಸ ನನ್ನದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಕಾಶೆ ಓದುವುದನ್ನು ನಕಾಶೆಗಳಿಂದಲೇ ಕಲಿತಿದ್ದೆ. ಸಿಮೆಂಟು, ವಿದ್ಯುತ್ತು ಕಡಿಮೆ ಸಾಕು, ಮಳೆನೀರು ಅಂಗಳ ದಾಟಬಾರದು ಎಂಬುದು ವಿನ್ಯಾಸಗಾರ್ತಿಯ ಹಟ. ಅವರ ಸೂಚನೆಯಂತೆ ನಾನು ಗೆರೆ ಎಳೆದು ಒಂದು ಬದಲಾವಣೆ ಪುಸ್ತಕ ಮಾಡಿದ್ದೆ: ಏನು ಬದಲಾಯಿತು, ಯಾರು ಕೇಳಿದರು, ಏಕೆ, ಗಾಳಿ ಬೆಳಕು ನೀರಿಗೆ ಅದರಿಂದೇನು. ಅದರಲ್ಲಿ ಸಹಿ ಬೀಳದೆ ಒಂದು ಕಲ್ಲೂ ಸರಿಯುವಂತಿರಲಿಲ್ಲ.

ಪೂರ್ವದ ಗೋಡೆ ಇನ್ನೂ ಅರ್ಧಕ್ಕಿತ್ತು. ಮೇಲೆ ತಾಡಪತ್ರಿಯ ನೆರಳು. ಗೋಡೆ ಕಟ್ಟುತ್ತಿದ್ದ ಗೌಂಡಿಯವರು ಪಡುವಣ ಕಿಟಕಿಯಲ್ಲಿ ಊದಿನಕಡ್ಡಿ ಹಚ್ಚಿ ಕುಳಿತರು. ಕೆರೆಯ ಮೇಲಿಂದ ಬಂದ ಗಾಳಿಯಲ್ಲಿ ಹೊಗೆ ಒಂದು ಕ್ಷಣ ನಿಂತಿತು, ಏನೋ ನೆನಪಾದಂತೆ ತಿರುಗಿತು, ನೀಲಿ ನೂಲಾಗಿ ಸಭಾಂಗಣವನ್ನು ದಾಟಿ ಅರ್ಧಗೋಡೆಯ ಮೇಲಿಂದ ಹೊರಟುಹೋಯಿತು. ಇಂದಿಗೂ ಮಂಪರು ಕವಿದಾಗ ಅದು ನನ್ನೆದುರು ತೇಲುತ್ತದೆ.

“ನಕಾಶ್ಯಾಗ ಕಿಡಕಿ ಉತ್ತರ ಗ್ವಾಡಿಗೈತ್ರಿ, ಅಕ್ಕಾರ. ಹೊಗಿ ಮಾತ್ರ ಮೂಡಣಕ್ಕ ಹೊಂಟೈತಿ. ಯಾರ ಮಾತು ಕೇಳ್ಲಿ ನಾ?”

ವಿನ್ಯಾಸಗಾರ್ತಿ ನಕ್ಕರು. “ಹೊಗಿ ಮಾತು ಕೇಳ್ರಿ. ಆದ್ರ ಮೊದ್ಲ ಪುಸ್ತಕದಾಗ ಬರಸ್ರಿ.”

ಬರೆಸಿದರು, ಕಿಟಕಿಗಳು ಪೂರ್ವದ ಗೋಡೆಗೆ ಬಂದವು. ಆದರೆ ಕೆಲಸ ಮಾಡಿಸುತ್ತಿದ್ದ ಹುಬ್ಬಳ್ಳಿಯ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನಕಾಶೆಯೇ ಉಳಿಯಿತು. ಕೆಲವು ವರ್ಷಗಳ ನಂತರ, ವಿನ್ಯಾಸಗಾರ್ತಿ ಊರು ಬಿಟ್ಟಿದ್ದಾಗ, ಹೊಸ ಅಧಿಕಾರಿಯೊಬ್ಬರು ಅದರ ಪ್ರತಿಯನ್ನು ಗೋಡೆಗೆ ಹೋಲಿಸಿ ತಪ್ಪು ಹಿಡಿದರು. ಮುಂದೆ ಕಚೇರಿ ಕಟ್ಟಿಸಿದ ವಸತಿಗೃಹದ ಕೆಲಸಕ್ಕೆ ಗೌಂಡಿಯವರನ್ನು ಕರೆಯಲಿಲ್ಲ.

ಅವರು ನನ್ನ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಂತರು. “ಓದ್ಲಿಕ್ಕೆ ಬರ್ಲಾರದಾಂವ ಅಂತಾರ್ರಿ ನನಗ. ನೀವರ ಹೇಳ್ರಿ.” ನಾನು ಕಚೇರಿಗೆ ಹೋಗಿ ಹೇಳಿದೆ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲವೆಂದು ಆ ಅಧಿಕಾರಿ ನನಗೇ ತಿಳಿಹೇಳಿ ಕಳಿಸಿದರು. ಗೌಂಡಿಯವರು ಈಗ ಗೋಪನಕೊಪ್ಪದಲ್ಲಿ ಮಗಳ ಮನೆಯಲ್ಲಿದ್ದಾರೆ, ಗಾರೆ ಹಚ್ಚುವ ಕರಣಿ ಮುಟ್ಟುವುದಿಲ್ಲ.

ಆಗ ಕೈಗೆ ಸಿಗದಿದ್ದ ಆ ಬದಲಾವಣೆ ಪುಸ್ತಕವನ್ನು ಆಮೇಲೆ ಕಚೇರಿಯಲ್ಲಿ ರದ್ದಿಗೆ ಕಟ್ಟಿಟ್ಟ ಕಾಗದಗಳ ನಡುವೆ ನಾನು ಹುಡುಕಿ ತೆಗೆದೆ. ಈಗ ಅದು ವಾಚನಾಲಯದಲ್ಲೇ, ನಿಯತಕಾಲಿಕಗಳ ಕಪಾಟಿನ ಕೆಳಹಲಗೆಯ ಮೇಲಿದೆ. ಯಾರು ಬೇಕಾದರೂ ಕೇಳಿ ನೋಡಬಹುದು. ‘ಯಾರು ಕೇಳಿದರು’ ಎಂಬ ಕಾಲಮಿನಲ್ಲಿ ಗೌಂಡಿಯವರ ಹೆಸರು, ಅದರ ಮುಂದೆ ನಮ್ಮ ಮೂವರ ಸಹಿ. ಪಕ್ಕದಲ್ಲಿ, ಊದಿನಕಡ್ಡಿಯ ಕಿಡಿ ಬಿದ್ದು ಸುಟ್ಟ, ಸಾಸಿವೆಕಾಳಿನಷ್ಟು ಒಂದು ತೂತು.