ಎಣ್ಣೆ ಸವರಿದ ಕನ್ನಡಕ

ಅವರು ಕನ್ನಡಕ ತೆಗೆದು, ಎಣ್ಣೆ ಹಚ್ಚಿ ಬಾಚಿದ ತಲೆಗೂದಲ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, ಅದೇ ಬೆರಳಿನಿಂದ ಎರಡೂ ಗಾಜುಗಳನ್ನು ನಿಧಾನವಾಗಿ ಸವರುತ್ತಿದ್ದರು. ಗಾಜು ಮಬ್ಬಾದ ಮೇಲೆ ಅದನ್ನು ಮತ್ತೆ ಮೂಗಿಗೇರಿಸಿ, ಆಗಷ್ಟೇ ಪ್ರಿಂಟರಿನಿಂದ ಬಂದ ಹಾಳೆಯನ್ನು ದೂರಕ್ಕೆ ಹಿಡಿದು ಓದುತ್ತಿದ್ದರು. ಕನ್ನಡಕ ಒರೆಸಿಕೊಂಡು ಓದುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಬೇಕೆಂದೇ ಮಬ್ಬು ಮಾಡಿಕೊಂಡು ಓದುವವರನ್ನು ಮೊದಲು ಕಂಡದ್ದು ದುಬೈಯ ನೈಫ್‌ನ ಒಂದು ಕಿರಿದಾದ ಗಲ್ಲಿಯಲ್ಲಿ, ಅವರ ಪ್ರಿಂಟಿಂಗ್ ಅಂಗಡಿಯಲ್ಲಿ.

ಎಲ್ಲರೂ ಅವರನ್ನು ಪ್ರೆಸ್ಸಿನ ಸಾಹೇಬರು ಎನ್ನುತ್ತಿದ್ದರು. ನಮ್ಮ ಮಂಗಳೂರು ಕಡೆಯ ಬ್ಯಾರಿಗಳು. ವಿಸಿಟಿಂಗ್ ಕಾರ್ಡು, ರಬ್ಬರ್ ಸ್ಟ್ಯಾಂಪು, ಮದುವೆ ಕಾಗದ ಮಾಡಿಕೊಡುತ್ತಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ನಾವು ಆಗ ದೇರಾದಲ್ಲಿದ್ದೆವು. ಮೆಟ್ರೊ ಓಡಲು ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಕೊಂಕಣಿ ಬಳಗದ ಕಾರ್ಡು, ಕಾರ್ಯಕ್ರಮದ ಹಾಳೆ ಇವನ್ನೆಲ್ಲ ಡಿಸೈನ್ ಮಾಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತ್ತು. ಕೊಂಕಣಿಯನ್ನು ನಾವು ಕನ್ನಡ ಲಿಪಿಯಲ್ಲಿಯೇ ಬರೆಯುವುದು. ಊರಿನಿಂದ ಯಾರೋ ಟೈಪ್ ಮಾಡಿ ಕಳಿಸಿದ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಬ್ರ್ಯಾಕೆಟ್ಟು. ನನ್ನ ಯಜಮಾನರು ಇಣುಕಿ ನೋಡಿ, “ಇದು ಯಾವ ಸಂತರ ಭಾಷೆ?” ಎಂದು ನಕ್ಕರು. ಯಾರೋ ಸಾಹೇಬರ ಅಂಗಡಿಯ ದಾರಿ ಹೇಳಿದರು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೋದೆ.

ಅವರು ಪರದೆಯನ್ನು ನೋಡಿ, “ಹೆದರ್ಬೇಡಿ ಬಾಯಮ್ಮ” ಎಂದರು. “ಅಕ್ಷರ ಎಲ್ಲಿಗೂ ಹೋಗ್ಲಿಲ್ಲ. ಅದಕ್ಕೆ ಹಾಕ್ಲಿಕ್ಕೆ ಅಂಗಿ ಇಲ್ಲ, ಅಷ್ಟೇ.”

ನಮ್ಮೂರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಕೊನೆಯವರೆಗೂ ಬಾಯಮ್ಮ ಎಂದೇ ಕರೆದರು.

ಪೆನ್ ಡ್ರೈವ್ ಸಿಕ್ಕಿಸಿ, ಒಂದು ಫಾಂಟನ್ನು ತೆರೆದು, ಇನ್‌ಸ್ಟಾಲ್ ಒತ್ತಿದರು. ಪುಟದ ಆ ಗೊಂದಲ ಕಣ್ಣೆದುರೇ ಪ್ರಾರ್ಥನೆಯಾಗಿ ಬದಲಾಯಿತು. ನನಗೆ ಕಣ್ಣು ತುಂಬಿದ್ದು ಅವರಿಗೆ ಕಂಡಿರಬೇಕು. ಅವರು ಬೇರೆ ಕಡೆ ನೋಡುತ್ತ ಮುಂದಿನ ಫಾಂಟನ್ನು ಹುಡುಕಿದರು.

“ಎಲ್ಲ ಒಟ್ಟಿಗೆ ಹಾಕ್ಲಿಕ್ಕೆ ಆಗುದಿಲ್ವಾ ಸಾಹೇಬ್ರೇ?”

“ಆಗ್ತದೆ. ಆದ್ರೆ ಹಾಕ್ಬಾರ್ದು. ನೆಂಟರು ಬಸ್ಸು ಮಾಡಿ ಬಂದ್ರೆ ಯಾರ ಮುಖವೂ ನೆನಪುಳಿಯುದಿಲ್ಲ. ಒಂದೊಂದೇ ಬರ್ಲಿ, ಕೂತ್ಕೊಳ್ಲಿ, ಮಾತಾಡ್ಸುವ.”

ಅವರು ಮಾತಾಡಿಸುವ ರೀತಿ ಒಂದೇ. ಪ್ರತಿ ಹೊಸ ಫಾಂಟಿನಲ್ಲಿ ಅದೇ ಒಂದು ಸಾಲು ಟೈಪ್ ಮಾಡುತ್ತಿದ್ದರು: “ಉಮ್ಮಾ, ನಾನು ಇಲ್ಲಿ ಸೌಖ್ಯ.” ಆಮೇಲೆ ಪ್ರಿಂಟು, ಆಮೇಲೆ ಹೆಬ್ಬೆರಳಿನ ಎಣ್ಣೆ.

ಎಣ್ಣೆಯ ಗುಟ್ಟನ್ನು ಕೇಳಲು ನನಗೆ ನಾಲ್ಕು ಭೇಟಿ ಬೇಕಾಯಿತು. ಆ ಸಾಲಿನ ಉಮ್ಮ ಅವರ ತಾಯಿ. ಆಕೆಗೆ ಕಿವಿ ಒಂಚೂರೂ ಕೇಳುತ್ತಿರಲಿಲ್ಲ, ಆದ್ದರಿಂದ ಫೋನು ಮಾಡಿ ಪ್ರಯೋಜನವಿರಲಿಲ್ಲ. ಆದರೆ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವರು, ಅಕ್ಷರವೆಂದರೆ ಪ್ರಾಣ. ಊರಿಗೆ ಹೋಗುವವರ ಕೈಯಲ್ಲಿ ಮಗ ತಿಂಗಳಿಗೊಂದು ಕಾಗದ ಕಳಿಸುತ್ತಿದ್ದರು. ಊರಿನಲ್ಲಿ ಯಾರಿಗೆ ಮಗುವಾಯಿತು, ಯಾರು ತೀರಿಕೊಂಡರು ಎಂಬುದನ್ನು ತಂಗಿಯಿಂದ ಫೋನಿನಲ್ಲಿ ಕೇಳಿಕೊಂಡು ಕಾಗದದಲ್ಲಿ ಬರೆಯುತ್ತಿದ್ದರು. ಪಕ್ಕದ ಮನೆಯ ಸುದ್ದಿ ಆ ತಾಯಿಗೆ ದುಬೈಯಿಂದ ತಲುಪುತ್ತಿತ್ತು. ಈಗ ಕಣ್ಣೂ ಮಬ್ಬಾಗುತ್ತಿತ್ತು. ಆಪರೇಷನ್ ಮಾಡಿ ಸರಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

“ಅವರಿಗೆ ಹೇಗೆ ಕಾಣ್ತದೆ ಅಂತ ನನಗೆ ಕಾಣ್ಬೇಕಲ್ಲ” ಎಂದರು ಸಾಹೇಬರು. “ಅದಕ್ಕೆ ಎಣ್ಣೆ.”

ಅವರು ಫಾಂಟುಗಳನ್ನು ಅಷ್ಟು ಹುಡುಕಿ ತರುತ್ತಿದ್ದದ್ದು ಗಿರಾಕಿಗಳಿಗಾಗಿ ಅಲ್ಲ ಎಂಬುದು ನನಗೆ ಆಗ ತಿಳಿಯಿತು. ಕೆಲವು ಫಾಂಟುಗಳಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಮುದ್ದೆಯಾಗುತ್ತಿತ್ತು. ಕೆಲವು ತೆಳ್ಳಗೆ. ವರ್ಷ ಕಳೆದಂತೆ ಅಕ್ಷರ ದೊಡ್ಡದಾಯಿತು, ಒಂದು ಹಾಳೆಯ ಕಾಗದ ನಾಲ್ಕು ಹಾಳೆಯಾಯಿತು. “ಇನ್ನು ಸ್ವಲ್ಪ ದಿನಕ್ಕೆ ಶೇಖ್ ಝಾಯೆದ್ ರೋಡಿನ ಬೋರ್ಡನ್ನೇ ಕಳಚಿ ಕಳಿಸ್ಬೇಕು ಮಾರಾಯ್ರೆ” ಎಂದು ನಗುತ್ತಿದ್ದರು.

ಒಮ್ಮೆ ನನಗೂ ಬಿಸಿ ಮುಟ್ಟಿಸಿದರು. ಗೆಳತಿಯ ತಾಯಿ ತೀರಿಕೊಂಡ ತಿಂಗಳ ಪೂಜೆಗೆ ಒಂದು ನೆನಪಿನ ಕಾರ್ಡು ಮಾಡಿದ್ದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದ ಬಳ್ಳಿ ಬಳ್ಳಿಯ ಫಾಂಟು, ನನಗೆ ಬಹಳ ಇಷ್ಟವಾಗಿತ್ತು. ಸಾಹೇಬರು ಅದನ್ನು ಅಚ್ಚಿಗೆ ಹಾಕದೆ ನನ್ನ ಕೈಗೆ ವಾಪಸು ಕೊಟ್ಟರು.

“ಬಾಯಮ್ಮ, ಇದು ತೀರಿಕೊಂಡವರ ಕಾರ್ಡು. ಅಕ್ಷರ ಕುಣಿಯಬಾರ್ದು.”

“ಚೆಂದ ಇಲ್ವಾ?”

“ಚೆಂದ ಉಂಟು. ಓದುವವರು ಅತ್ತುಕೊಂಡು ಓದುದಲ್ವಾ, ಅವರಿಗೆ ಕಾಣ್ಬೇಕು.”

ತಮ್ಮ ಕನ್ನಡಕವನ್ನೇ ಎಣ್ಣೆ ಸವರಿ ನನಗೆ ಕೊಟ್ಟರು. ಹಾಕಿ ನೋಡಿದೆ. ಆ ತಾಯಿಯ ಹೆಸರೇ ನನಗೆ ಓದಲಾಗಲಿಲ್ಲ.

ನಾವು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿಗೆ ಮನೆ ಬದಲಾಯಿಸಿದ ಮೇಲೆ ಭೇಟಿ ಕಡಿಮೆಯಾಯಿತು. ಒಂದು ಮಧ್ಯಾಹ್ನ ಸಾಹೇಬರ ಫೋನು ಬಂತು, “ಯಲ್ಲಾ ಬಾಯಮ್ಮ, ಬೇಗ ಹೊರಡಿ, ಈ ಕಡೆ ಬರುವಾಗ ಲ್ಯಾಪ್‌ಟಾಪ್ ತನ್ನಿ” ಎಂದು. ಹೋದೆ. ಯಾವ ಫಾಂಟೂ ಸರಿಹೋಗದೆ, ಅವರು ಅಕ್ಷರ ತಿದ್ದುವ ಒಂದು ಸಾಫ್ಟ್‌ವೇರ್ ಕಲಿತು ತಾವೇ ಒಂದನ್ನು ಮಾಡಿಬಿಟ್ಟಿದ್ದರು. ದಪ್ಪ ಗೆರೆ, ಅಗಲ ಹೊಟ್ಟೆ. ಒತ್ತುಗಳು ಎಷ್ಟು ಕೆಳಗಿದ್ದವೆಂದರೆ ನೋಡಲು ಚೂರೂ ಚೆಂದವಿರಲಿಲ್ಲ. ಅದಕ್ಕೆ ‘ಉಮ್ಮ’ ಎಂದೇ ಹೆಸರಿಟ್ಟಿದ್ದರು.

“ನನ್ನ ಕಂಪ್ಯೂಟರ್ ಹಳೇ ಡಬ್ಬ. ಯಾವಾಗ ಖಲಾಸ್ ಆಗ್ತದೋ ಗೊತ್ತಿಲ್ಲ. ನಿಮ್ಮಲ್ಲಿ ಒಂದು ಇರ್ಲಿ.”

ಈ ಸಲ ಇನ್‌ಸ್ಟಾಲ್ ಮಾಡಲು ನನಗೇ ಹೇಳಿದರು. ಪರೀಕ್ಷೆಗೆ ಅದೇ ಸಾಲನ್ನು ಟೈಪ್ ಮಾಡಿದೆ. ಅಷ್ಟರಲ್ಲಿ ಅದು ನನಗೂ ರೂಢಿಯಾಗಿತ್ತು. ಆ ದಿನ ನಾನು ಬೇರೆಯದನ್ನೂ ನೋಡಿದೆ. ಅವರ ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಎರಡು ತೂತು ಹೊಡೆದಿತ್ತು. ಹಾಲಿಲ್ಲದ ಸುಲೈಮಾನಿ ಚಹಾ ಗ್ಲಾಸಿನಲ್ಲಿ ಹಾಗೆಯೇ ಆರಿತ್ತು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗಾಗಿತ್ತು.

“ಹುಷಾರಿದ್ದೀರಲ್ಲ ಸಾಹೇಬ್ರೇ?” ಎಂದು ಕೇಳಿದೆ.

ಅವರು ಪರದೆಯ ಮೇಲಿನ ಸಾಲನ್ನು ಬೆರಳಿನಿಂದ ತೋರಿಸಿದರು, “ನಾನು ಇಲ್ಲಿ ಸೌಖ್ಯ.” ಇಬ್ಬರೂ ನಕ್ಕೆವು. ಎರಡನೆಯ ಸಲ ಕೇಳಬೇಕಿತ್ತು. ಒಬ್ಬರು ಹೇಳಲಿಚ್ಛಿಸದ್ದನ್ನು ಕೆದಕಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ್ದರು. ಒಳ್ಳೆಯ ಪಾಠವೇ. ಆದರೆ ಆ ಎರಡು ತೂತುಗಳನ್ನು ಕಂಡ ಮೇಲೂ ಮರ್ಯಾದೆ ಎಂದು ಸುಮ್ಮನೆ ಬಂದೆನಲ್ಲ, ಅದನ್ನು ಇವತ್ತಿಗೂ ನುಂಗಲಾಗುವುದಿಲ್ಲ.

ಎರಡು ತಿಂಗಳ ಮೇಲೆ ಅಂಗಡಿಯ ಪಾಲುದಾರರು ಫೋನು ಮಾಡಿ ತಿಳಿಸಿದರು. ಹೊಟ್ಟೆಯ ಕಾಯಿಲೆ, ಗೊತ್ತಾಗುವಾಗ ತಡವಾಗಿತ್ತಂತೆ. ಯಾರಿಗೂ ಹೇಳಬೇಡಿ ಎಂದಿದ್ದರಂತೆ. ಅವರನ್ನು ಅಲ್ಲಿಯೇ ದುಬೈಯಲ್ಲಿ ಮಣ್ಣು ಮಾಡಿಯೂ ಆಗಿತ್ತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಮಂಗಳೂರಿನಿಂದ ಫೋನು ಬಂತು. “ಬಾಯಮ್ಮ ಅಲ್ವಾ? ಅಣ್ಣ ನಿಮ್ಮ ನಂಬರ್ ಕೊಟ್ಟಿದ್ರು” ಎಂದಿತು ಹೆಂಗಸಿನ ದನಿ. ಸಾಹೇಬರ ತಂಗಿ.

“ಉಮ್ಮ ನಂಬುದಿಲ್ಲ” ಎಂದರು. “ಕೈಸನ್ನೆ ಮಾಡಿ ಹೇಳಿದೆವು. ಅತ್ತೆವು. ಮಾರ್ಕರಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದೆವು. ಮಕ್ಕಳು ಗೀಚಿದ್ದು ಅಂತ ತಳ್ಳಿಬಿಟ್ಟರು. ಅಂಥದ್ದೇನಾದ್ರೂ ಆಗಿದ್ರೆ ಕಾಗದದಲ್ಲಿ ಬರ್ತಿತ್ತು ಅಂತಾರೆ. ದಿನಾ ಬಾಗಿಲಲ್ಲಿ ಕೂತ್ಕೊಂಡು ಕಾಯ್ತಾರೆ. ಊಟ ಅರ್ಧಕ್ಕರ್ಧ ಬಿಟ್ಟಿದ್ದಾರೆ.”

ಅವರೇ ಮುಂದುವರಿಸಿದರು.

“ಅಂಗಡಿಯ ಕಂಪ್ಯೂಟರ್ ಅಳಿಸಿ ಬೇರೆಯವರಿಗೆ ಕೊಟ್ಟಾಯ್ತಂತೆ. ಆ ಅಕ್ಷರ ನಿಮ್ಮಲ್ಲಿ ಮಾತ್ರ ಉಂಟಂತೆ ಬಾಯಮ್ಮ. ನೀವೇ ಬರೆದು ಕಳಿಸ್ಬೇಕು. ಸುಳ್ಳು ಬೇಡ. ಆದದ್ದನ್ನೇ ಬರೀರಿ.”

ನಮ್ಮ ಬಿಲ್ಡಿಂಗಿನ ಒಬ್ಬಳು ನರ್ಸು ಮರುದಿನ ಊರಿಗೆ ಹೊರಟಿದ್ದಳು. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು ಲ್ಯಾಪ್‌ಟಾಪ್ ತೆರೆದೆ. ಫಾಂಟುಗಳ ಪಟ್ಟಿಯಲ್ಲಿ ‘ಉಮ್ಮ’ವನ್ನು ಹುಡುಕಿ ಒತ್ತಿದೆ. ಬೆರಳುಗಳು ತಮ್ಮಷ್ಟಕ್ಕೆ ಹಳೆಯ ಸಾಲನ್ನೇ ಟೈಪ್ ಮಾಡಿದವು: “ಉಮ್ಮಾ, ನಾನು ಇಲ್ಲಿ ಸೌಖ್ಯ.” ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಅಷ್ಟನ್ನೇ ಪ್ರಿಂಟ್ ಮಾಡಿ ಕಳಿಸಿದರೆ ಆ ತಾಯಿ ಬಾಗಿಲಿನಿಂದ ಎದ್ದು ಹೋಗಿ ಉಣ್ಣುತ್ತಿದ್ದರು. ಕೊನೆಗೆ ‘ಉಮ್ಮಾ’ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ.

ಆಮೇಲೆ ಬರೆದೆ: “ನಿಮ್ಮ ಮಗ ತೀರಿಕೊಂಡರು. ಕಾಯಿಲೆಯಾಗಿತ್ತು. ಇಲ್ಲಿಯೇ ಮಣ್ಣು ಮಾಡಿದ್ದಾರೆ. ಈ ಅಕ್ಷರವನ್ನು ಅವರು ನಿಮಗಾಗಿ ಮಾಡಿದ್ದರು. ಇನ್ನು ಮುಂದೆ ನಿಮಗೆ ತಿಂಗಳ ಕಾಗದವನ್ನು ಇದೇ ಅಕ್ಷರದಲ್ಲಿ ನಾನು ಬರೆಯುತ್ತೇನೆ.” ಸಾಹೇಬರ ಅಳತೆಯಲ್ಲಿ ಅದು ಮೂರು ಹಾಳೆಯಾಯಿತು.

ಆ ಮಾತನ್ನು ನಾಲ್ಕು ವರ್ಷ ನಡೆಸಿದೆ, ಆ ತಾಯಿ ಇರುವವರೆಗೆ. ಲ್ಯಾಪ್‌ಟಾಪ್ ಬದಲಾದಾಗಲೆಲ್ಲ ಮೊದಲು ಇನ್‌ಸ್ಟಾಲ್ ಮಾಡಿದ್ದು ‘ಉಮ್ಮ’ವನ್ನೇ. ಆದರೆ ಈಗಲೂ ನೆನಪಾಗುವುದು ಆ ಮೊದಲ ಬೆಳಿಗ್ಗೆ. ಹಾಳೆಗಳು ಪ್ರಿಂಟರಿನಿಂದ ಬಂದ ಮೇಲೆ ಅಡುಗೆಮನೆಗೆ ಹೋಗಿ ತೆಂಗಿನೆಣ್ಣೆಯ ಬಾಟಲಿ ತೆರೆದೆ. ಹೆಬ್ಬೆರಳಿಗೆ ಹಚ್ಚಿಕೊಂಡು ನನ್ನ ಕನ್ನಡಕದ ಎರಡೂ ಗಾಜುಗಳನ್ನು ಸವರಿದೆ. ಕಿಟಕಿಯ ಬೆಳಕಿಗೆ ನಿಂತು ಹಾಳೆಯನ್ನು ದೂರ ಹಿಡಿದೆ. ಒಂದಾದರೂ ಅಕ್ಷರ ಕಲಸಿ ಹೋಗಲಿ, ಸರಿಯಿಲ್ಲವೆಂದು ಹರಿದು ಹಾಕಬಹುದು ಎಂದು ಆಸೆಪಟ್ಟೆ.

ಒಂದೂ ಕಲಸಿರಲಿಲ್ಲ. ಎಲ್ಲವೂ ಕಾಣುತ್ತಿತ್ತು.