ಮೂರು ಪ್ರೋಗ್ರಾಂ, ಒಂದೇ ಹೀಟ್ ನಂಬರ್

2024ರ ಜುಲೈ 15, ಸೋಮವಾರ, ಬೆಳಿಗ್ಗೆ 9.40. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಭದ್ರಾವತಿಯ ಒಂದು ಫೌಂಡ್ರಿಯಿಂದ ಫೋನ್ ಬಂತು. ಮಾತಾಡಿದವರು ಅಲ್ಲಿನ ಪರೀಕ್ಷಾ ವಿಭಾಗದ ಮುಖ್ಯಸ್ಥ ಸೆಲ್ವರಾಜ್.

"ಮಾರಾಯ್ತಿ, ನಿನ್ನ ಲೇಬಲ್ ಒಂದು ಹೇಳುತ್ತೆ, ಸರ್ಟಿಫಿಕೇಟ್ ಇನ್ನೊಂದು ಹೇಳುತ್ತೆ. ನಾನು ಯಾವುದಕ್ಕೆ ಸೈನ್ ಹಾಕ್ಲಿ?"

ಆ ಫೌಂಡ್ರಿಗೆ ನಾನು ಪೈಥಾನ್‌ನಲ್ಲಿ ಮೂರು ಪ್ರೋಗ್ರಾಂ ಬರೆದುಕೊಟ್ಟಿದ್ದೆ: ಎರಕದ ಬಿಡಿಭಾಗಗಳ ಗಡಸುತನ ದಾಖಲಿಸಲು ಒಂದು, ಲೇಬಲ್‌ಗೆ ಒಂದು, ಸರ್ಟಿಫಿಕೇಟ್‌ಗೆ ಒಂದು. ಸರಾಸರಿ ತೆಗೆಯುವ ಲೆಕ್ಕ ಮಾತ್ರ ಮೂರಕ್ಕೂ ಸೇರಿದ ಒಂದು ಫೈಲಿನಲ್ಲಿತ್ತು. ಇಂಥದ್ದನ್ನು ಮಾಡ್ಯೂಲ್ ಎನ್ನುತ್ತೇವೆ. ಅಲ್ಲಿನ ಕಂಪ್ಯೂಟರುಗಳಲ್ಲಿ ಪೈಥಾನ್ ಇರಲಿಲ್ಲ. ಹಾಗಾಗಿ ಪೈಇನ್‌ಸ್ಟಾಲರ್ ಎಂಬ ಸಾಧನ ಬಳಸಿ ಒಂದೊಂದನ್ನೂ ಪೈಥಾನ್ ಇಲ್ಲದೆಯೂ ಓಡುವ ಪ್ರತ್ಯೇಕ ಇಎಕ್ಸ್‌ಇ ಫೈಲಾಗಿ ಕಟ್ಟಿದ್ದೆ.

11.05ಕ್ಕೆ ತಲುಪಿದೆ. 64 ಬಿಡಿಭಾಗ ಲಾರಿಗೇರಿದ್ದವು. ಮೂರು ಗಂಟೆಗೆ ಖರೀದಿದಾರರ ಇನ್‌ಸ್ಪೆಕ್ಟರ್ ಬರುವವರಿದ್ದರು. ಎರಡು ಕಾಗದ ಹೊಂದದಿದ್ದರೆ ಇಡೀ ಲಾಟ್ ತಿರಸ್ಕಾರ. ಸೆಲ್ವರಾಜ್ ಎಲ್ಲ ಬಿಡಿಭಾಗಗಳ ಅಳತೆಗಳನ್ನೂ ಕೈಯಲ್ಲೇ ಬರೆದಿಟ್ಟಿದ್ದರು. ಮೊದಲನೆಯದಕ್ಕೆ 198, 204, 207. ಸರಾಸರಿ 203. ಲೇಬಲ್‌ನಲ್ಲಿ 203, ಸರ್ಟಿಫಿಕೇಟ್‌ನಲ್ಲಿ 201, ಅಂದರೆ ಮೊದಲೆರಡರ ಸರಾಸರಿ.

"ಮೂರನೇ ಅಳತೆ ಎಲ್ಲಿಗೆ ಹೋಯ್ತು, ಟೀ ಕುಡಿಯೋಕಾ?"

ಡೈರಿ ತೆರೆದೆ. ಹಿಂದಿನ ಲಾಟ್‌ವರೆಗೆ ಪ್ರತಿ ಬಿಡಿಭಾಗವನ್ನು ಎರಡು ಕಡೆ ಅಳೆಯುತ್ತಿದ್ದರು. ಈ ಲಾಟ್‌ನಿಂದ ಮೂರು ಕಡೆ ಅಳೆಯಬೇಕೆಂದು ಜೂನ್ 28ರಂದು ಮಾಡ್ಯೂಲ್ ಬದಲಿಸಿದ್ದೆ. ಮತ್ತೆ ಕಟ್ಟಿದ್ದು ಮಾತ್ರ ಎರಡೇ ಪ್ರೋಗ್ರಾಂ. ಕಟ್ಟುವ ದಿನ ಮಾಡ್ಯೂಲ್ ಹೇಗಿತ್ತೋ ಅದರ ನಕಲು ಇಎಕ್ಸ್‌ಇ ಒಳಗೇ ಉಳಿದುಬಿಡುತ್ತದೆ. ಸರ್ಟಿಫಿಕೇಟ್ ಪ್ರೋಗ್ರಾಂನಲ್ಲಿ ಇನ್ನೂ ಹಳೆಯದೇ ಇತ್ತು. ತಪ್ಪು ನನ್ನದೆಂದು ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಲಾರಿಯ ಬಳಿ ಕರೆದೊಯ್ದು ಬಿಡಿಭಾಗಗಳ ಮೇಲಿನ ಉಬ್ಬು ಅಂಕಿ ತೋರಿಸಿದರು. "ಒಂದು ಸಲ ಕರಗಿಸಿ ಸುರಿದಿದ್ದಕ್ಕೆಲ್ಲ ಒಂದೇ ಹೀಟ್ ನಂಬರ್. ಯಾವ ತುಂಡು ಯಾವ ಸಲ ಸುರಿದಿದ್ದು ಅಂತ ಹತ್ತು ವರ್ಷ ಬಿಟ್ಟು ಕೇಳಿದ್ರೂ ಹೇಳ್ತೀನಿ. ನಿನ್ನ ಪ್ರೋಗ್ರಾಂಗೆ ಹೀಟ್ ನಂಬರ್ ಎಲ್ಲಿದೆ?"

ಲ್ಯಾಪ್‌ಟಾಪ್ ತೆರೆದು ಮೂರನ್ನೂ ಒಂದೇ ಸ್ಪೆಕ್ ಫೈಲಿಗೆ, ಅಂದರೆ ಕಟ್ಟುವ ಸೂಚನೆಗಳ ಪಟ್ಟಿಗೆ, ಸೇರಿಸಿದೆ. ಈಗ ಮೂರೂ ಒಟ್ಟಿಗೆ ಕಟ್ಟಲ್ಪಟ್ಟು ಒಂದೇ ಫೋಲ್ಡರಿಗೆ ಬೀಳುತ್ತವೆ. ದೊಡ್ಡ ಲೈಬ್ರರಿಗಳು, ಅಂದರೆ ಸಿದ್ಧ ಕೋಡಿನ ಸಂಗ್ರಹಗಳು, ಮೂರಕ್ಕೂ ಸೇರಿ ಒಂದೇ ಪ್ರತಿಯಾದವು. ಮೂರೂ ಸೇರಿ 186 ಎಂಬಿ ಇದ್ದದ್ದು 84ಕ್ಕಿಳಿಯಿತು. ಪ್ರತಿ ಪ್ರೋಗ್ರಾಂನ ಕಿಟಕಿಯ ನೆತ್ತಿಯಲ್ಲೂ, ಒಂದು ಸಲ ಕಟ್ಟಿದ್ದಕ್ಕೆಲ್ಲ ಒಂದೇ ನಂಬರ್ ಕಾಣುವಂತೆ ಮಾಡಿದೆ. 1.50ಕ್ಕೆ ಹೊಸ ಸರ್ಟಿಫಿಕೇಟ್ ಹೊರಬಂತು.

ಸೆಲ್ವರಾಜ್ ಅದರ ಒಂದೊಂದು ಸಾಲನ್ನೂ ತಮ್ಮ ಕೈಬರಹದೊಂದಿಗೆ ತಾಳೆ ನೋಡತೊಡಗಿದರು.

"ಸರ್, ಐದಾರು ನೋಡಿದ್ರೆ ಸಾಕಲ್ವಾ?"

"ಐದಾರಕ್ಕೆ ಸೈನ್ ಹಾಕೋದಾಗಿದ್ರೆ ಸಾಕಿತ್ತು."

64 ಸಾಲೂ ಮುಗಿಸಿ 2.52ಕ್ಕೆ ಸಹಿ ಹಾಕಿದರು. ಇನ್‌ಸ್ಪೆಕ್ಟರ್ ತಾವೇ ಆರಿಸಿದ ತುಂಡುಗಳನ್ನು ಅಳೆದು ಒಪ್ಪಿದರು. 4.15ಕ್ಕೆ ಲಾರಿ ಹೊರಟಿತು.

ಹಂಚಿಕೊಂಡ ಫೈಲನ್ನು ತಿದ್ದಿದರೆ ಅರ್ಧ ಕೆಲಸ. ಅದನ್ನು ಹೊತ್ತಿರುವ ಎಲ್ಲವನ್ನೂ ಮತ್ತೆ ಕಟ್ಟಿದಾಗಲೇ ಪೂರ್ತಿ. ಇದನ್ನು ನನಗೆ ಕಲಿಸಿದವರು ಒಂದು ಸಾಲೂ ಕೋಡ್ ಬರೆಯದ ಸೆಲ್ವರಾಜ್.

ಈಗಲೂ ನನ್ನ ಒಂದೊಂದು ಇಎಕ್ಸ್‌ಇ ಒಳಗೂ ಆ ಮಾಡ್ಯೂಲಿನ ಪ್ರತ್ಯೇಕ ನಕಲೇ ಇದೆ. ಎಲ್ಲ ಇಎಕ್ಸ್‌ಇಗಳೂ ಓದುವಂತೆ ಅದನ್ನು ಹೊರಗೆ ಒಂದೇ ಕಡೆ ಇಟ್ಟು, ಫೌಂಡ್ರಿಯಲ್ಲಿರುವಂಥ ಹಳೆಯ ವಿಂಡೋಸ್‌ನಲ್ಲಿ ನಡೆಸಿದವರು ದಯವಿಟ್ಟು ಬರೆದು ತಿಳಿಸಿ. ಎಷ್ಟು ಕಂಪ್ಯೂಟರಿನಲ್ಲಿ ನೋಡಿದಿರಿ ಎಂಬುದನ್ನೂ ಬರೆಯಿರಿ. ಸೆಲ್ವರಾಜ್ ಮೊದಲು ಕೇಳುವುದು ಅದನ್ನೇ.