ಗಲ್ಲೆಯ ಮೇಲಿನ ನೀಲಿ ಚುಕ್ಕೆ

ಬಸ್ಸು ತಡವಾದರೆ ಎಲ್ಲೋ ಪಲ್ಟಿಯಾಗಿದೆ ಎಂದುಕೊಳ್ಳುವವನು ನಾನು. ಹೊತ್ತಿಗೆ ಮುಂಚೆ ಬಂದರೆ, ಡ್ರೈವರ್ ಹೀಗೆ ಓಡಿಸಿದರೆ ನಾಳೆ ಪಲ್ಟಿಯಾಗುತ್ತದೆ ಎಂದುಕೊಳ್ಳುತ್ತೇನೆ. ಇಂಥವನ ಮಗಳು ಪಿಯುಸಿ ಓದಲು ಹಾನಗಲ್ಲಿನಿಂದ ಶಿಗ್ಗಾಂವಿಗೆ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಫೋನು ಕೊಡಿಸುವಾಗಲೇ ಅದರ ಲಾಕ್ ನಂಬರು ಕೇಳಿದೆ.

"ಅದನ್ನ ಹೇಳಂಗಿಲ್ಲಪ್ಪಾ. ಗೆಳತ್ಯಾರ ಮಾತು ಇರ್ತಾವು. ಎಲ್ಲಿ ಅದೇನಿ ಅನ್ನೂದು ಬೇಕಂದ್ರ ಲೊಕೇಶನ್ ಹಚ್ಚಿ ಕೊಡ್ತೇನಿ. ಆದ್ರ ನೀ ಒಬ್ಬಾವನ ನೋಡಬೇಕು, ಬ್ಯಾರೆ ಯಾರಿಗೂ ತೋರಸಬಾರ್ದು."

ಹೂಂ ಅಂದೆ. ಇದಕ್ಕಿಂತ ಅಗ್ಗದ ಕರಾರು ನನ್ನ ಕಿರಾಣಿ ವ್ಯಾಪಾರದಲ್ಲಿ ಎಂದೂ ಕುದುರಿರಲಿಲ್ಲ.

ಆದರೆ ಸಕ್ಕರೆ ತೂಗುತ್ತ, ಅವಳಿರುವ ಜಾಗ ತೋರಿಸುವ ನೀಲಿ ಚುಕ್ಕೆ ನೋಡಬೇಕೆಂದರೆ ಫೋನನ್ನು ಗಲ್ಲೆಯ, ಅಂದರೆ ದುಡ್ಡಿನ ಪೆಟ್ಟಿಗೆಯ ಮೇಲೆ ಇಡದೆ ಗತಿಯಿಲ್ಲ. ಗಲ್ಲೆಯ ಮೇಲಿದ್ದದ್ದನ್ನು ನೋಡದ ಗಿರಾಕಿ ಇನ್ನೂ ಹುಟ್ಟಿಲ್ಲ. ದಿನಾ ಪೇಪರ್ ಓದಲು ಬಂದು ಕೂರುವ ರಿಟೈರ್ಡ್ ಮಾಸ್ತರರು ಇದೇನೆಂದು ಕೇಳಿದರು. ಹೆಮ್ಮೆಯಿಂದ ತೋರಿಸಿದೆ. ಆಮೇಲೆ ಅವರು ಪೇಪರ್ ಬಿಟ್ಟು ಅದನ್ನೇ ಓದತೊಡಗಿದರು.

"ಸಾವ್ಕಾರ್ರ, ಬಸ್ಸು ಅಲ್ಲೇ ನಿಂತೈತಲ್ರೀ. ಪಂಕ್ಚರ್ ಆಗೈತೇನು?"

"ಕುರಿ ಅಡ್ಡ ಬಂದಿರಬೇಕ್ರಿ," ಎನ್ನುತ್ತಿದ್ದರು ಬೆಲ್ಲ ಒಯ್ಯಲು ಬಂದವರು.

ನನ್ನ ಮಗಳ ಪ್ರಯಾಣ ನನ್ನ ಅಂಗಡಿಯಲ್ಲಿ ಕ್ರಿಕೆಟ್ ಸ್ಕೋರಿನಂತೆ ನಡೆಯುತ್ತಿತ್ತು. ನನಗೋ ಒಳಗೊಳಗೇ ಸಮಾಧಾನ. ಚಿಂತೆಗೆ ಪಾಲುದಾರರು ಸಿಕ್ಕಿದ್ದರು.

ಈ ಮಳೆಗಾಲದಲ್ಲಿ ಒಂದು ದಿನ ನನಗಿಂತ ಮೊದಲು ಮಾಸ್ತರರೇ ನೋಡಿದರು. "ಚುಕ್ಕಿ ಸವಣೂರಿಗೆ ಹೊಂಟೈತಲ್ರೀ ಸಾವ್ಕಾರ್ರ! ಕಾಲೇಜು ಶಿಗ್ಗಾಂವಿನ್ಯಾಗಲ್ಲೇನು?"

ಮಗಳಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಬಚ್ಚಿಡುವ ಮನಸ್ಸಿದ್ದರೆ ಲೊಕೇಶನ್ನೇ ಆಫ್ ಮಾಡುತ್ತಿದ್ದಳು ಎಂಬಷ್ಟು ಬುದ್ಧಿ ಅವತ್ತು ನನಗೆ ಓಡಲಿಲ್ಲ. ಓಡಿದ್ದೆಲ್ಲ ಬೇರೆ: ಯಾವನೋ ಹುಡುಗ, ಯಾವುದೋ ಕಾರು, ಪೇಪರಿನಲ್ಲಿ ಬಂದಿದ್ದ ಸುದ್ದಿಗಳೆಲ್ಲ.

"ನಮ್ಮ ಅಳಿಯ ಅಲ್ಲೇ ಅದಾನು. ಒಂದು ಫೋಟೋ ಕಳಿಸ್ರಿ, ಹೋಗಿ ನೋಡ್ತಾನ," ಎಂದರು ಮಾಸ್ತರರು.

ಕಳಿಸಿದೆ. ನನ್ನ ಮಗಳ ಫೋಟೋವನ್ನು, ನಾನು ಮುಖ ನೋಡದ ಒಬ್ಬ ಗಂಡಸಿಗೆ, ಅವಳನ್ನು ಹುಡುಕಲಿಕ್ಕೆಂದು, ಅವಳ ಸುರಕ್ಷತೆಗೆಂದು ಕಳಿಸಿದೆ.

ಮಾಸ್ತರರಿಗೆ ಕಿವಿ ಮಂದ. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಅಳಿಯನ ದನಿ ಅಂಗಡಿ ತುಂಬ ಬಂತು. "ಸಿಕ್ಕಳ್ರೀ ಮಾವಾರ. ಹೆಣ್ಣುಮಕ್ಕಳ ದವಾಖಾನಿ ಬಾಗಿಲಾಗ ಕುಂತಾಳ. ಜೋಡಿ ಇನ್ನೊಂದು ಹುಡುಗಿ ಐತಿ. ಏನು ಎತ್ತ ಅಂತ ಒಳಗ ಹೋಗಿ ಕೇಳ್ಲೇನ್ರಿ?"

ಅವಲಕ್ಕಿ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸು ಕೈಚೀಲ ಅಲ್ಲೇ ಹಿಡಿದು ನಿಂತಳು. ನಾನು ತಕ್ಕಡಿ ಬಿಟ್ಟು ಎದ್ದೆ.

ಮನೆಗೆ ಹೋಗಿ ಕೂಗಾಡಿದೆ. ಹೆಂಡತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. "ನಾನ ಕಳಿಸೇನಿ. ತಿಂಗಳಾ ತಿಂಗಳಾ ಹೊಟ್ಟಿ ಹಿಡ್ಕೊಂಡು ಒದ್ದಾಡ್ತಾಳ, ನಿಮಗ ಕಂಡೈತೇನು? ಆಕಿ ಗೆಳತಿಯ ಅತ್ತಿ ಆ ದವಾಖಾನ್ಯಾಗ ನರ್ಸ್ ಅದಾಳ."

"ನನಗ್ಯಾಕ ಹೇಳ್ಲಿಲ್ಲ?"

"ನಿಮಗ ಹೇಳೂದೂ ಒಂದ, ಅಂಗಡಿಗೆ ಹೇಳೂದೂ ಒಂದ."

ಸಂಜೆ ಬಂದ ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಅವಕಾಶವಾದರೂ ಸಿಗುತ್ತಿತ್ತು. "ಯಾವನೋ ಒಬ್ಬಾವ ಬಾಗಿಲಾಗ ನಿಂತು ಫೋನು ನೋಡ್ತಿದ್ದ, ನನ್ನ ನೋಡ್ತಿದ್ದ. ಅದು ನನ್ನ ಫೋಟೋ ಅಂತ ಆಮ್ಯಾಲ ಗೊತ್ತಾತು. ನನಗ ಅಷ್ಟು ಅಂಜಿಕಿ ಯಾವ ಬಸ್ಸಿನ್ಯಾಗೂ ಆಗಿಲ್ಲ," ಎಂದಳು. ನನ್ನ ಕೈಯಿಂದ ಫೋನು ತೆಗೆದುಕೊಂಡು ಚುಕ್ಕೆಯನ್ನು ಅಳಿಸಿ, ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು.

ಅವಲಕ್ಕಿ ಕಟ್ಟಿಸಿಕೊಂಡವಳು ಸುಮ್ಮನಿರಲಿಲ್ಲ. ವಾರದೊಳಗೆ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, "ಮಗಳು ಆರಾಮ ಅದಾಳಿಲ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಹೊಟ್ಟೆನೋವು ಅಂದರೆ ಯಾರೂ ನಂಬುವುದಿಲ್ಲ. ನಿಜ ಯಾವತ್ತೂ ಅಷ್ಟು ಸಪ್ಪಗಿರುತ್ತದೆ. ಮಾಸ್ತರರು ಮಾತ್ರ ನನ್ನಿಂದ ಉಪಕಾರಸ್ಮರಣೆಯ ಒಂದು ಮಾತೂ ಬರಲಿಲ್ಲವೆಂದು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗಿ ಕೂರತೊಡಗಿದರು.

ಮುಂದಿನ ತಿಂಗಳು ಮಗಳು ಶಿಗ್ಗಾಂವಿನಲ್ಲಿ ಹಾಸ್ಟೆಲ್ ಸೇರುವೆನೆಂದು ಹಟ ಹಿಡಿದಳು. ಅಲ್ಲಿ ಸಂಜೆಯಾದರೆ ಎಲ್ಲರ ಫೋನುಗಳೂ ವಾರ್ಡನ್ ಬಾಯಿಯವರ ಕಪಾಟು ಸೇರುತ್ತವಂತೆ. ನನಗೆ ಆಸೆ ಚಿಗುರಿತು. "ಅಲ್ಲಿ ಫೋನ ಕಸ್ಕೋತಾರಲ್ಲವಾ. ಮನಿಯೊಳಗಾದ್ರ ನಿನ್ನ ಕೈಯಾಗ ಇರ್ತದ," ಎಂದೆ.

"ಕಸ್ಕೊಂಡು ಕೀಲಿ ಹಾಕಿ ಇಡ್ತಾರಪ್ಪಾ. ಯಾರಿಗೂ ತೋರಸಂಗಿಲ್ಲ."

ಟ್ರಂಕು ಹೊತ್ತು ನಾನೇ ಬಿಟ್ಟುಬರಲು ಹೋದೆ. ಹುಷಾರಿಲ್ಲದಿದ್ದರೆ ಯಾರಿಗೆ ಫೋನು ಮಾಡಬೇಕು ಎಂದು ವಾರ್ಡನ್ ಬಾಯಿ ಕೇಳಿದರು. ನಾನು ನಂಬರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಅವರವ್ವನ ನಂಬರು ಹೇಳಿ ಮುಗಿಸಿದ್ದಳು.

"ಇನ್ನೊಂದು ನಂಬರ್ ಇದ್ರ ಛಲೋ," ಎಂದರು ವಾರ್ಡನ್ ಬಾಯಿ.

"ಒಂದ ಸಾಕ್ರಿ," ಎಂದಳು.